ಹಗ್ಗಕ್ಕಿಂತ ಹೆಗಲ ಕೆಲಸವೇ ಜಾಸ್ತಿ

ಬೆಟ್ಟದಲ್ಲಿ ಸಿಕ್ಕಿಬಿದ್ದವರನ್ನು ಕಾಪಾಡುವ ರಕ್ಷಣಾ ತಂಡ ಅಂದ ಕೂಡಲೇ ಎಲ್ಲರ ಕಣ್ಣ ಮುಂದೆ ಬರುವುದು ಹಗ್ಗ. ಹೆಲ್ಮೆಟ್ ಹಾಕಿಕೊಂಡು ಕಡಿದಾದ ಬಂಡೆಯಲ್ಲಿ ಸರ್ರನೆ ಇಳಿಯುವ ಒಬ್ಬ ಮನುಷ್ಯ. ಸುಳ್ಳು ಯಾಕೆ ಹೇಳಲಿ, ನಾನೂ ಅದನ್ನು ನೋಡಿಯೇ ಸೇರಿದ್ದು. ಪುಣೆ ಹತ್ತಿರದ ಲೋಣಾವಳ ಸುತ್ತಮುತ್ತ ಕೆಲವು ಮಳೆಗಾಲ ಈ ಕೆಲಸ ಮಾಡಿದ ಮೇಲೆ ಈಗ ಯಾರಾದರೂ ಕೇಳಿದರೆ ಇದು ಹಮಾಲಿ ಕೆಲಸ ಅನ್ನುತ್ತೇನೆ. ಭಾರ ಹೊರಬೇಕು, ಕಾಯಬೇಕು, ಫೋನಿನಲ್ಲಿ ಸರಿಯಾದ ಪ್ರಶ್ನೆ ಕೇಳಬೇಕು. ಹಗ್ಗದ ಚೀಲ ಬಿಚ್ಚದೆಯೇ ಎಷ್ಟೋ ಕೇಸು ಮುಗಿದು ಹೋಗುತ್ತವೆ.

ನನ್ನದು ಬಾದಾಮಿ ಹತ್ತಿರದ ಹಳ್ಳಿ. ಚಳಿಗಾಲ ಬಂತೆಂದರೆ ಪುಣೆ, ಬೆಂಗಳೂರು ಕಡೆಯ ಹುಡುಗ ಹುಡುಗಿಯರು ಬಂದು ನಮ್ಮ ಕೆಂಪು ಬಂಡೆಗಳನ್ನು ಹತ್ತುತ್ತಿದ್ದರು. ನಾವು ಹುಡುಗರು ಕೆಳಗೆ ಕೂತು ನೋಡಿ ನಗುತ್ತಿದ್ದೆವು. "ಇವರಿಗೆ ಮನ್ಯಾಗ ಏನೂ ಕೆಲಸ ಇಲ್ಲೇನ?" ಅನ್ನುತ್ತಿದ್ದಳು ನಮ್ಮ ಅವ್ವ. ಮುಂದೆ ನನಗೆ ಪಿಂಪ್ರಿ-ಚಿಂಚವಾಡದಲ್ಲಿ ನೌಕರಿ ಸಿಕ್ಕಿತು. ಕ್ಯಾಂಟೀನಿನಲ್ಲಿ ಪರಿಚಯವಾದ ಮರಾಠಿ ಗೆಳೆಯ, ನೋಡಿದರೆ, ಪ್ರತಿ ವರ್ಷ ಬಾದಾಮಿಗೆ ಹತ್ತಲು ಬರುವವರ ಪೈಕಿಯವನು. ಊರಿನ ಹೆಸರು ಹೇಳಿದ್ದೇ ತಡ, ಭಾನುವಾರ ನನ್ನನ್ನು ಲೋಣಾವಳಕ್ಕೆ ಎಳೆದುಕೊಂಡು ಹೋದ. ಬಾದಾಮಿಯವನಿಗೆ ಬಂಡೆ ಹತ್ತಲು ಹುಟ್ಟಿನಿಂದಲೇ ಬರುತ್ತದೆ ಅಂತ ಅವನು ತಿಳಿದಿದ್ದ ಅಂತ ಕಾಣುತ್ತದೆ.

ಎರಡೂ ಕಲ್ಲಿಗೆ ಸಂಬಂಧವೇ ಇಲ್ಲ. ಬಾದಾಮಿಯದು ಮರಳುಗಲ್ಲು, ಒರಟಾಗಿದೆ, ಕೈಗೆ ಹಿಡಿತ ಸಿಗುತ್ತದೆ. ಇಲ್ಲಿಯದು ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಪದರ ಪದರವಾಗಿ ಹರಿದು ಆರಿದ ಕರಿಕಲ್ಲು. ಆ ಪದರಗಳು ಇವತ್ತಿಗೂ ಹಾಗೇ ಕಾಣುತ್ತವೆ. ಒಂದು ನೆಟ್ಟನೆಯ ಗೋಡೆ, ಅದರ ಕೆಳಗೆ ಹುಲ್ಲಿನ ಇಳಿಜಾರು, ಮತ್ತೆ ಗೋಡೆ, ಮತ್ತೆ ಇಳಿಜಾರು. ಮಳೆಗಾಲದಲ್ಲಿ ಎಲ್ಲರೂ ಫೋಟೋ ತೆಗೆಯುವ ಆ ಹಸಿರು ಇಳಿಜಾರೇ ಜನರನ್ನು ಕೆಡವುವುದು. ಗೋಡೆಯ ಅಂಚಿಗೆ ಬೇಕೆಂದು ಯಾರೂ ಹೋಗುವುದಿಲ್ಲ. ಹುಲ್ಲಿನ ಮೇಲೆ ಕಾಲು ಜಾರುತ್ತದೆ, ಹಿಡಿದುಕೊಳ್ಳಲು ಏನೂ ಇರುವುದಿಲ್ಲ, ಅಂಚು ತಾನಾಗಿ ಬಂದುಬಿಡುತ್ತದೆ.

ನಮ್ಮದು ಸಣ್ಣ ತಂಡ. ಈ ಭಾಗದಲ್ಲಿ ದೊಡ್ಡ ಹೆಸರು ಲೋಣಾವಳದ ಶಿವದುರ್ಗ ಮಿತ್ರ ತಂಡದ್ದು. ರಾಜ್ಯದ ಬೇರೆ ಬೇರೆ ಕಡೆ ಇಂಥ ಗುಂಪುಗಳಿವೆ. ಇವರನ್ನೆಲ್ಲ ಜೋಡಿಸಲು ಮಹಾರಾಷ್ಟ್ರ ಮೌಂಟೇನಿಯರ್ಸ್ ರೆಸ್ಕ್ಯೂ ಕೋಆರ್ಡಿನೇಷನ್ ಸೆಂಟರ್ ಅಂತ ಒಂದು ವ್ಯವಸ್ಥೆ ಇದೆ. ಅಲ್ಲಿಗೆ ಕರೆ ಹೋದರೆ ಹತ್ತಿರ ಯಾವ ತಂಡ ಇದೆ ನೋಡಿ ಅವರಿಗೆ ದಾಟಿಸುತ್ತಾರೆ. ಎಷ್ಟೋ ಸಲ ಪೊಲೀಸರೇ ನೇರವಾಗಿ ಫೋನ್ ಮಾಡುತ್ತಾರೆ. ಯಾರಿಗೂ ಸಂಬಳ ಇಲ್ಲ. ಪೆಟ್ರೋಲ್ ನಮ್ಮದು, ರಜೆ ನಮ್ಮದು, ಮರುದಿನದ ಮೈಕೈ ನೋವೂ ನಮ್ಮದು. ತಂಡದಲ್ಲಿ ರಿಕ್ಷಾ ಓಡಿಸುವವರಿದ್ದಾರೆ, ಕಾಲೇಜು ಹುಡುಗರಿದ್ದಾರೆ, ಮದುವೆ ಫೋಟೋ ತೆಗೆಯುವವನಿದ್ದಾನೆ, ಒಬ್ಬ ಡಾಕ್ಟರ್ ಇದ್ದಾರೆ. ಹಿರಿಯನನ್ನು ಎಲ್ಲರೂ ದಾದಾ ಅನ್ನುತ್ತೇವೆ. ತಂಡದಲ್ಲಿಲ್ಲದಿದ್ದರೂ ತಂಡದವರೇ ಆಗಿರುವ ಇನ್ನೊಬ್ಬರಿದ್ದಾರೆ. ಹಳೆ ಹೈವೇ ಪಕ್ಕದ ಉಡುಪಿ ಹೋಟೆಲಿನ ಶೆಟ್ರು. ರಾತ್ರಿ ಎಷ್ಟು ಹೊತ್ತಿಗೆ ಫೋನ್ ಮಾಡಿದರೂ ಅವರು ಕೇಳುವುದು ಒಂದೇ ಮಾತು: "ಎಷ್ಟು ಜನ ಮಾರಾಯ್ರೇ?" ಅಷ್ಟು ಇಡ್ಲಿ ಪೊಟ್ಟಣ ತಯಾರಾಗುತ್ತದೆ.

ತರಬೇತಿ ಗಂಟುಗಳಿಂದ ಶುರು. ಎಂಟರ ಆಕಾರದ ಗಂಟು, ಬೌಲೈನ್, ಪ್ರುಸಿಕ್. ಮನೆಯಲ್ಲಿ ಮಂಚದ ಕಾಲಿಗೆ ಕಟ್ಟಿ ಬಿಚ್ಚಿ ಕಲಿತೆ. "ಮಂಚ ಎಲ್ಲಿಗೂ ಓಡಿ ಹೋಗಂಗಿಲ್ಲ, ಬಿಡ್ರಿ ಅದನ್ನ" ಅಂದಳು ಹೆಂಡತಿ. ಕಣ್ಣು ಮುಚ್ಚಿ ಕಟ್ಟಬೇಕು, ಒದ್ದೆ ಕೈಯಲ್ಲಿ ಕಟ್ಟಬೇಕು. ಯಾಕೆಂದರೆ ನಿಜವಾದ ಕೆಲಸ ಬರುವುದು ಕತ್ತಲಲ್ಲಿ, ಮಳೆಯಲ್ಲಿ. ಕಟ್ಟಿದ ಗಂಟನ್ನು ಇನ್ನೊಬ್ಬ ಮುಟ್ಟಿ ನೋಡಲೇಬೇಕು. ದಾದಾ ಕಟ್ಟಿದ ಗಂಟನ್ನೂ ಹೊಸ ಹುಡುಗ ಮುಟ್ಟಿ ನೋಡುತ್ತಾನೆ, ಅದಕ್ಕೆ ದಾದಾ ಬೇಜಾರು ಮಾಡಿಕೊಳ್ಳುವುದಿಲ್ಲ. ನನ್ನ ಕಂಪನಿಯಲ್ಲಿ ಹೀಗೆ ಮ್ಯಾನೇಜರ್ ಮಾಡಿದ್ದನ್ನು ಟ್ರೈನಿ ತಪಾಸಣೆ ಮಾಡಿದರೆ ಏನಾಗುತ್ತದೆ ಅಂತ ಸುಮ್ನೆ ಯೋಚಿಸಿ ನೋಡಿ.

ಹಗ್ಗದಲ್ಲಿ ಎರಡು ಜಾತಿ. ಬಂಡೆ ಹತ್ತುವವರು ಬಳಸುವುದು ಡೈನಾಮಿಕ್ ಹಗ್ಗ. ಬಿದ್ದರೆ ಅದು ಹಿಗ್ಗಿ ಏಟನ್ನು ತಾನು ತಿನ್ನುತ್ತದೆ. ನಮಗೆ ಬೇಕಾದದ್ದು ಹಿಗ್ಗದ ಸ್ಟ್ಯಾಟಿಕ್ ಹಗ್ಗ. ಇಲ್ಲದಿದ್ದರೆ ಸ್ಟ್ರೆಚರಿನಲ್ಲಿ ಮಲಗಿದವನು ಮುರಿದ ಕಾಲು ಇಟ್ಟುಕೊಂಡು ಮೇಲೆ ಕೆಳಗೆ ಕುಣಿಯುತ್ತಾನೆ. ಪುಲ್ಲಿಗಳನ್ನು ಝೆಡ್ ಆಕಾರದಲ್ಲಿ ಹೂಡಿ ಭಾರ ಎತ್ತುವುದನ್ನೂ ಕಲಿಸಿದರು. ಲೆಕ್ಕದ ಪ್ರಕಾರ 90 ಕಿಲೋ ಭಾರಕ್ಕೆ 30 ಕಿಲೋದಷ್ಟು ಬಲ ಸಾಕು. ಆದರೆ ಸ್ಟ್ರೆಚರ್ ಒಂದು ಮೀಟರ್ ಮೇಲೆ ಬರಲು ಮೂರು ಮೀಟರ್ ಹಗ್ಗ ಜಗ್ಗಬೇಕು. ತಿಕ್ಕಾಟ ಬೇರೆ. ಲೆಕ್ಕ ಪುಸ್ತಕದಲ್ಲಿ ಚೆಂದ, ಬೆನ್ನಿಗೆ ಅಷ್ಟೊಂದು ಗೊತ್ತಾಗುವುದಿಲ್ಲ.

ಇಷ್ಟೆಲ್ಲದರಲ್ಲಿ ನನಗೆ ತಲೆಗೆ ಹೋದ ಪಾಠ ಬೇರೆಯೇ. ಹೊಸಬರೆಲ್ಲರೂ ಒಮ್ಮೆ ರೋಗಿಯಾಗಿ ಸ್ಟ್ರೆಚರಿನಲ್ಲಿ ಮಲಗಬೇಕು. ಕುತ್ತಿಗೆಗೆ ಪಟ್ಟಿ ಹಾಕಿ, ಹಣೆ, ಎದೆ, ಸೊಂಟ, ಕಾಲು ಎಲ್ಲ ಬೆಲ್ಟಿನಿಂದ ಬಿಗಿದರು. ಕೈ ಒಳಗೆ. ಮೂಗು ತುರಿಸಿದರೂ ಏನೂ ಮಾಡುವಂತಿಲ್ಲ. ಕಾಣುವುದು ಬರೀ ಆಕಾಶ, ಆಗಾಗ ಯಾರದೋ ಗಲ್ಲದ ಕೆಳಭಾಗ. ಹೊರುವವರ ಬೆವರು ಹಣೆ ಮೇಲೆ ಬೀಳುತ್ತದೆ. "ಎಡಕ್ಕೆ, ಎಡಕ್ಕೆ, ಏ ನಿಲ್ಲು" ಅಂತ ಕೂಗಾಡುತ್ತಾರೆ. ಯಾವುದರ ಎಡಕ್ಕೆ, ಯಾಕೆ ನಿಂತರು, ಪಕ್ಕದಲ್ಲಿ ಪ್ರಪಾತ ಇದೆಯೋ ಹೊಲ ಇದೆಯೋ, ಒಂದೂ ತಿಳಿಯುವುದಿಲ್ಲ. ಮೈಯಲ್ಲಿ ಒಂದು ಗೀರೂ ಇಲ್ಲದ ನನಗೇ ಉಸಿರು ಕಟ್ಟಿದ ಹಾಗಾಯಿತು. ತಂಡದವರಲ್ಲಿ ಒಬ್ಬ ತಲೆ ಹತ್ತಿರ ನಡೆಯುತ್ತ ಮಾತಾಡುತ್ತಲೇ ಇರಬೇಕು ಅನ್ನುವ ನಿಯಮ ಯಾಕಿದೆ ಅಂತ ಆಗ ತಿಳಿಯಿತು. ಮೂರು ಹೆಜ್ಜೆ ಇಳಿತ ಇದೆ, ಈಗ ಓರೆಯಾಗುತ್ತೆ, ಕೈ ಬದಲಾಯಿಸ್ತಾ ಇದ್ದೀವಿ, ಹೆದರಬೇಡ. ಅಷ್ಟೇ ಮಾತು. ಅವನಿಗೆ ಬೇರೆ ಕೆಲಸ ಇಲ್ಲ.

ಹೊರುವುದಕ್ಕೂ ಒಂದು ರೀತಿ ಇದೆ. ಆರು ಜನ ಹಿಡಿಯುತ್ತಾರೆ, ಎತ್ತರ ನೋಡಿ ಜೋಡಿ ಮಾಡುತ್ತಾರೆ. ಇನ್ನೊಂದು ಜೋಡಿ ಹಿಂದೆ ಖಾಲಿ ಕೈಯಲ್ಲಿ ಬರುತ್ತದೆ. ಕೈ ಸೋಲುವ ಮೊದಲೇ ಬದಲಾಗಬೇಕು, ಸೋತ ಮೇಲೆ ಅಲ್ಲ. ಇಳಿಯುವಾಗ ರೋಗಿಯ ಕಾಲು ಮುಂದೆ, ಏರುವಾಗ ತಲೆ ಮುಂದೆ. ಹೆಜ್ಜೆ ಇಡಲು ಜಾಗವೇ ಇಲ್ಲದ ಕಡೆ ಹೊತ್ತು ನಡೆಯುವುದನ್ನೇ ಬಿಡುತ್ತೇವೆ. ಎರಡು ಸಾಲಾಗಿ ಎದುರುಬದುರು ಗಟ್ಟಿಯಾಗಿ ಕೂತು ಸ್ಟ್ರೆಚರನ್ನು ಕೈಯಿಂದ ಕೈಗೆ ದಾಟಿಸುತ್ತೇವೆ. ಹಿಂದೆ ಖಾಲಿಯಾದವರು ಎದ್ದು ಮುಂದೆ ಬಂದು ಕೂರುತ್ತಾರೆ. ಸ್ಟ್ರೆಚರ್ ಕಂಬಳಿಹುಳದ ಹಾಗೆ ಮುಂದೆ ಸಾಗುತ್ತದೆ. ನೋಡುವವರಿಗೆ ಬಹಳ ನಿಧಾನ ಅನಿಸುತ್ತದೆ. ಆದರೆ ಯಾರೂ ಭಾರ ಹಿಡಿದು ಜಾರುವುದಿಲ್ಲ.

2023ರ ಜುಲೈ 19ರ ರಾತ್ರಿ ರಾಯಗಡ ಜಿಲ್ಲೆಯ ಇರ್ಶಾಳವಾಡಿಯ ಮೇಲೆ ಗುಡ್ಡ ಕುಸಿಯಿತಲ್ಲ, ಅಲ್ಲಿಗೆ ಹೋದವರ ಮಾತು ಕೇಳಿದರೆ ಹೊರುವ ಕೆಲಸ ಎಂಥದ್ದು ಅಂತ ಗೊತ್ತಾಗುತ್ತದೆ. ಊರಿಗೆ ವಾಹನ ಹೋಗುವ ರಸ್ತೆ ಇರಲಿಲ್ಲ. ಜೆಸಿಬಿ ಮೇಲೆ ಹೋಗುವ ಮಾತೇ ಇಲ್ಲ. ಮಳೆ ನಿಲ್ಲಲಿಲ್ಲ, ಹೆಲಿಕಾಪ್ಟರ್ ಇಳಿಯುವ ಹಾಗಿರಲಿಲ್ಲ. ಎನ್‌ಡಿಆರ್‌ಎಫ್‌ನವರು, ಸುತ್ತಲಿನ ಟ್ರೆಕ್ಕಿಂಗ್ ಗುಂಪಿನವರು ಕೆಸರಿನ ಕಾಲುದಾರಿಯಲ್ಲಿ ಗುದ್ದಲಿ, ಸನಿಕೆ, ನೀರು ಎಲ್ಲ ಹೊತ್ತುಕೊಂಡೇ ಹತ್ತಿದರು. ಕೈಯಿಂದಲೇ ಅಗೆದರು. ನಾಲ್ಕು ದಿನದ ಮೇಲೆ ಹುಡುಕಾಟ ನಿಲ್ಲಿಸಿದಾಗ 27 ಶವ ಸಿಕ್ಕಿದ್ದವು, 57 ಮಂದಿ ಕಾಣೆ. ನಮ್ಮ ಪೈಕಿ ಅಲ್ಲಿಗೆ ಹೋಗಿದ್ದವನೊಬ್ಬ ಹಗ್ಗದ ಬಗ್ಗೆ ಒಂದು ಮಾತೂ ಆಡಲಿಲ್ಲ. ಕುಡಿಯುವ ನೀರಿನ ಕ್ಯಾನು ಹೊತ್ತದ್ದನ್ನೇ ಹೇಳಿದ.

ಈಗ ವಿಸಾಪುರದ ಕೇಸಿಗೆ ಬರುತ್ತೇನೆ. ಒಂದು ಕರೆ ಬಂದರೆ ಮೊದಲಿನಿಂದ ಕೊನೆಯವರೆಗೆ ಏನೇನಾಗುತ್ತದೆ ಅನ್ನುವುದಕ್ಕೆ ಅದು ಸರಿಯಾದ ಉದಾಹರಣೆ.

ಜುಲೈ ತಿಂಗಳ ಭಾನುವಾರ, ಕತ್ತಲಾಗುತ್ತಿದ್ದ ಹೊತ್ತು. ಲೋಹಗಡದ ಎದುರಿಗಿರುವ ಕೋಟೆ ವಿಸಾಪುರ, ಅದಕ್ಕಿಂತ ಎತ್ತರ. ಮಳೆಗಾಲದಲ್ಲಿ ಅದರ ಕಲ್ಲು ಮೆಟ್ಟಿಲುಗಳ ಮೇಲೇ ನೀರು ಇಳಿಯುತ್ತದೆ. ಅದನ್ನು ಹತ್ತಲೆಂದೇ ಜನ ಬರುತ್ತಾರೆ. ಮೇಲೆ ಅಗಲವಾದ ಬಯಲು. ಮಂಜು ಇಳಿದರೆ ಬಂದ ದಾರಿ ಯಾವುದು ಅಂತ ತಿಳಿಯುವುದಿಲ್ಲ. ಐದು ಹುಡುಗರು ಹೀಗೇ ದಾರಿ ತಪ್ಪಿ ಬೇರೊಂದು ಕೊರಕಲಿನಲ್ಲಿ ಇಳಿದಿದ್ದರು. ಒಬ್ಬ ಬಿದ್ದಿದ್ದ. 112ಕ್ಕೆ ಫೋನ್ ಹೋಗಿ, ಅಲ್ಲಿಂದ ಪೊಲೀಸರಿಗೆ, ಅವರಿಂದ ದಾದಾಗೆ ಬಂತು. ದಾದಾ ಎರಡು ಮಾತಾಡಿ ಫೋನನ್ನು ನನಗೆ ದಾಟಿಸಿದ. "ನಿಮ್ಮ ಕಡೆಯವರು ಕಾಣ್ತಾರೆ. ಹಿಂದಿ ತಡವರಿಸ್ತಾ ಇದ್ದಾರೆ. ನೀನೇ ಮಾತಾಡು."

"ಅಣ್ಣಾ, ಕನ್ನಡ ಬರ್ತೈತ್ರೀ ನಿಮಗ?"

"ಬರ್ತೈತಿ ತಮ್ಮಾ, ನಾ ಬಾದಾಮಿಯಾಂವ. ಮೊದಲ ನಿನ್ನ ಫೋನಿನ್ಯಾಗ ಚಾರ್ಜ್ ಎಷ್ಟೈತಿ ಹೇಳು."

ಅವನಿಗೆ ನಡೆದದ್ದೆಲ್ಲ ಹೇಳಬೇಕಾಗಿತ್ತು. ಹೇಗೆ ಬಂದೆವು, ಯಾರು ಬೇಡ ಅಂದರು, ಯಾರು ಮುಂದೆ ಹೋದರು. ಅದನ್ನೆಲ್ಲ ಆಮೇಲೆ ಕೇಳುತ್ತೇನೆ ಅಂದೆ. ಚಾರ್ಜ್ ಹದಿನೆಂಟು ಪರ್ಸೆಂಟ್. ಬೇರೆ ಫೋನುಗಳನ್ನು ಆಫ್ ಮಾಡಿಸಿದೆ. ಇದೊಂದೇ ಫೋನು, ಇದರಲ್ಲಿ ಬೇರೆ ಯಾರಿಗೂ ಮಾತಾಡುವಂತಿಲ್ಲ, ಟಾರ್ಚ್ ಹಾಕುವಂತಿಲ್ಲ.

"ಬಿದ್ದಾಂವ ಮಾತಾಡ್ತಾನೇನು? ಹೆಸರು ಕೇಳಿದ್ರ ಹೇಳ್ತಾನೇನು?"

"ಹೇಳ್ತಾನ್ರೀ. ಅಳಾಕತ್ಯಾನ್ರೀ. ಕಾಲು ಒಂದ್ ನಮೂನಿ ತಿರುಗೇತ್ರಿ."

ಅಳುತ್ತಿದ್ದಾನೆ ಅಂದರೆ ಒಳ್ಳೆಯ ಸುದ್ದಿ. ಎಚ್ಚರ ಇದೆ, ಉಸಿರು ಸರಿ ಇದೆ. ಸುಮ್ಮನೆ ಮಲಗಿದ್ದಾನೆ ಅಂದಿದ್ದರೆ ನನ್ನ ಕೈಕಾಲು ತಣ್ಣಗಾಗುತ್ತಿದ್ದವು. ರಕ್ತ ಹೊರಗೆ ಹರಿಯುತ್ತಿಲ್ಲ. ಕಾಲನ್ನು ಯಾರೂ ಎಳೆದು ನೆಟ್ಟಗೆ ಮಾಡಲು ಹೋಗಬೇಡಿ, ಎಬ್ಬಿಸಬೇಡಿ, ತಿನ್ನಲು ಕುಡಿಯಲು ಏನೂ ಕೊಡಬೇಡಿ ಅಂದೆ. ಆಪರೇಷನ್ ಬೇಕಾಗಬಹುದು. ಅವನ ಅಡಿಗೆ ಬ್ಯಾಗುಗಳನ್ನು ಹಾಸಿ, ಮೇಲೆ ಇದ್ದಬದ್ದ ರೇನ್‌ಕೋಟ್ ಹೊದಿಸಿ, ಉಳಿದವರು ಒತ್ತಾಗಿ ಕೂರಿ. ಮಳೆಗಾಲದಲ್ಲಿ ಯಾರಿಗೆ ಚಳಿ ಅಂತ ಜನ ಅಂದುಕೊಳ್ಳುತ್ತಾರೆ. ಒದ್ದೆ ಬಟ್ಟೆ, ಗಾಳಿ, ಅಲ್ಲಾಡದ ಮೈ ಮೂರೂ ಸೇರಿದರೆ ಪುಣೆಯ ಜುಲೈ ತಿಂಗಳಲ್ಲೂ ಮೈಯ ಶಾಖ ಅಪಾಯದ ಮಟ್ಟಕ್ಕೆ ಇಳಿಯುತ್ತದೆ.

ಲೊಕೇಶನ್ ಕಳಿಸಿದರು. ಲೊಕೇಶನ್ ಬಂತಲ್ಲ, ಇನ್ನೇನು ಅಂತ ಹೊಸಬರು ಅಂದುಕೊಳ್ಳುತ್ತಾರೆ. ಮ್ಯಾಪಿನ ಆ ಚುಕ್ಕೆ ಮೂವತ್ತು ಮೀಟರ್ ಆಚೀಚೆ ಇರಬಹುದು. ಬಯಲಿನಲ್ಲಾದರೆ ಪರವಾಗಿಲ್ಲ. ಸಹ್ಯಾದ್ರಿಯ ಗೋಡೆಯಲ್ಲಿ ಮೂವತ್ತು ಮೀಟರ್ ಅಂದರೆ ಗೋಡೆಯ ಮೇಲೆಯೋ ಕೆಳಗೆಯೋ ಅನ್ನುವ ವ್ಯತ್ಯಾಸ. ಮೇಲಿನಿಂದ ಹೋಗಬೇಕೋ ಕೆಳಗಿನಿಂದ ಹತ್ತಬೇಕೋ ಅನ್ನುವುದು ಆ ಚುಕ್ಕೆಯಿಂದ ತಿಳಿಯುವುದಿಲ್ಲ.

"ಕೆಳಗ ಏನು ಕಾಣ್ತೈತಿ?"

"ಮಂಜ ಬಿಟ್ಟ ಏನೂ ಇಲ್ರೀ."

"ಸಪ್ಪಳ? ರೈಲಿನ ಸೀಟಿ ಕೇಳ್ತೈತೇನು?"

ಸ್ವಲ್ಪ ಹೊತ್ತು ಬಿಟ್ಟು, "ಹೌದ್ರೀ, ಈಗ ಒಂದು ಹೋತ್ರೀ" ಅಂದ. ಅಂದರೆ ಮಳವಲಿ ಸ್ಟೇಷನ್ ಕಡೆಯ ಮುಖ, ಭಾಜೆ ಊರಿನ ಮೇಲಿನ ಕೊರಕಲು. ಕೋಟೆ ಗೋಡೆ ದಾಟಿ ಎಷ್ಟು ಹೊತ್ತು ಇಳಿದಿರಿ, ದೊಡ್ಡ ಬಂಡೆಗಳ ನಡುವೆ ಇದ್ದೀರೋ ಹುಲ್ಲಿನ ಮೇಲೋ, ನೀರು ಎಡಕ್ಕೆ ಹರಿಯುತ್ತಿದೆಯೋ ಬಲಕ್ಕೋ ಅಂತ ಕೇಳುತ್ತ ಹೋದೆ. ಪಕ್ಕದಲ್ಲಿ ದಾದಾ ಮ್ಯಾಪಿನ ಮೇಲೆ ಪೆನ್ಸಿಲ್ ಇಟ್ಟುಕೊಂಡಿದ್ದ. ಕೆಳಗಿನಿಂದಲೇ ಹತ್ತುವುದು ಅಂತ ತೀರ್ಮಾನವಾಯಿತು.

ಫೋನ್ ಇಡುವ ಮೊದಲು ಅವನು, "ಅಣ್ಣಾ, ಅವನ ಅವ್ವಗ ಒಂದ್ ಫೋನ್ ಹಚ್ಚಲಿ?" ಅಂದ.

"ಈಗ ಬ್ಯಾಡ. ಕೆಳಗ ಬಂದ ಮ್ಯಾಲ ಹಚ್ಚು."

ಇಂಡಿ ತಾಲ್ಲೂಕಿನ ಯಾವುದೋ ಹಳ್ಳಿಯಲ್ಲಿ ಕೂತ ತಾಯಿ ಆ ಹೊತ್ತಿನಲ್ಲಿ ಮಾಡುವುದಾದರೂ ಏನು? ಸುದ್ದಿ ಕೇಳಿದ ಮೇಲೆ ಊರವರೆಲ್ಲ ಆ ಒಂದೇ ಫೋನಿಗೆ ಮಾತಾಡಲು ಶುರು ಮಾಡುತ್ತಾರೆ, ಚಾರ್ಜ್ ಖಾಲಿಯಾಗುತ್ತದೆ. ಹೀಗೆ ಹೇಳುವುದು ಕಠಿಣ ಅನಿಸುತ್ತದೆ. ಹೇಳಲೇಬೇಕು.

ಭಾಜೆಯಲ್ಲಿ ಇಬ್ಬರು ಊರವರು ಆಗಲೇ ತಯಾರಾಗಿ ನಿಂತಿದ್ದರು. ನಾವು ಹೆಲ್ಮೆಟ್, ಹಾರ್ನೆಸ್, ಹೆಡ್‌ಲ್ಯಾಂಪ್, ವಾಕಿಟಾಕಿ ಅಂತ ಒಂದೊಂದೇ ಏರಿಸಿಕೊಳ್ಳುವಷ್ಟರಲ್ಲಿ ಅವರು ರಬ್ಬರ್ ಬೂಟಿನಲ್ಲಿ, ತಲೆಗೆ ಪ್ಲಾಸ್ಟಿಕ್ ಹೊದ್ದು ಮುಂದೆ ಹೋಗಿಯಾಗಿತ್ತು. ದನ ಮೇಯಿಸಿ ಬೆಳೆದವರು. ಯಾವ ಕೊರಕಲು ಎಲ್ಲಿ ಮುಗಿಯುತ್ತದೆ ಅನ್ನುವುದು ಅವರಿಗೆ ಕಾಲಿನಲ್ಲೇ ಗೊತ್ತು. ಪತ್ರಿಕೆಯಲ್ಲಿ ಮರುದಿನ ಬರುವುದು ನಮ್ಮ ಬಣ್ಣದ ಜಾಕೆಟಿನ ಫೋಟೋ. ಮೊದಲು ತಲುಪಿದವರು ಹೆಚ್ಚು ಕಡಿಮೆ ಯಾವಾಗಲೂ ಇಂಥವರೇ. ಅವರ ಹೆಸರು ಎಲ್ಲೂ ಬರುವುದಿಲ್ಲ.

ಮಂಜಿನಲ್ಲಿ ಹಣೆಯ ದೀಪ ಹೆಚ್ಚು ಪ್ರಯೋಜನಕ್ಕೆ ಬಾರದು. ಬೆಳಕು ಮಂಜಿಗೆ ಬಡಿದು ಕಣ್ಣಿಗೇ ವಾಪಸ್ ಬರುತ್ತದೆ. ದೀಪ ಬಿಚ್ಚಿ ಸೊಂಟದ ಕೆಳಗೆ ಹಿಡಿದರೆ ಕಾಲ ಮುಂದಿನ ಕಲ್ಲಾದರೂ ಕಾಣುತ್ತದೆ. ಸೀಟಿ ಊದುತ್ತ, ನಿಂತು ಕೇಳುತ್ತ, ಮತ್ತೆ ಊದುತ್ತ ಹತ್ತಿದೆವು. ಕೇಳಲು ನಿಲ್ಲುವುದೇ ಕಷ್ಟ. ಎಲ್ಲರಿಗೂ ಅವಸರ. ದಾದಾ ಮಾತ್ರ ಪ್ರತಿ ಸಲ ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸುತ್ತಿದ್ದ. ಕೊನೆಗೆ ಮೇಲಿನಿಂದ "ಅಣ್ಣಾ..." ಅಂತ ಕೂಗು ಬಂತು. ತಂಡದ ಮರಾಠಿ ಹುಡುಗರೂ "ಅಣ್ಣಾ, ಅಣ್ಣಾ" ಅಂತಲೇ ತಿರುಗಿ ಕೂಗಿದರು.

ಬಿದ್ದವನು ಇಪ್ಪತ್ತರ ಆಸುಪಾಸಿನ ಹುಡುಗ. ಚಾಕಣದ ಫ್ಯಾಕ್ಟರಿಯಲ್ಲಿ ಕೆಲಸ. ನಡುಗುತ್ತಿದ್ದ. ನಮ್ಮ ಡಾಕ್ಟರ್ ಮೊದಲು ಹೆಸರು, ವಾರ, ಏನಾಯಿತು ಅಂತ ಕೇಳಿದರು. ನಾನು ಕನ್ನಡದಲ್ಲಿ ದಾಟಿಸಿದೆ. ಕಾಲ್ಬೆರಳು ಅಲ್ಲಾಡಿಸುತ್ತಿದ್ದ, ಮುಟ್ಟಿದ್ದು ತಿಳಿಯುತ್ತಿತ್ತು. ಮೊಣಕಾಲಿನ ಕೆಳಗೆ ಮೂಳೆ ಮುರಿದಿತ್ತು. ಕಾಲು ಹೇಗಿತ್ತೋ ಹಾಗೇ ಪಟ್ಟಿ ಕಟ್ಟಿ ಅಲುಗದಂತೆ ಮಾಡಿದರು. ಬಿದ್ದವನ ಬೆನ್ನುಮೂಳೆಗೆ ಏಟಾಗಿದೆಯೋ ಇಲ್ಲವೋ ಅಲ್ಲಿ ಗೊತ್ತಾಗುವುದಿಲ್ಲ. ಹಾಗಾಗಿ ಆಗಿದೆ ಅಂತಲೇ ತಿಳಿದು ನಡೆಯಬೇಕು. ಕುತ್ತಿಗೆಗೆ ಪಟ್ಟಿ ಹಾಕಿ, ತಲೆ ಹಿಡಿದವನ ಎಣಿಕೆಗೆ ನಾಲ್ಕು ಜನ ಒಂದೇ ಸಲಕ್ಕೆ ಇಡೀ ಮೈಯನ್ನು ಒಟ್ಟಾಗಿ ಮಗ್ಗುಲಿಗೆ ಹೊರಳಿಸಿ ಸ್ಟ್ರೆಚರ್ ಒಳಗೆ ತಂದರು.

ಹಗ್ಗದ ಕೆಲಸ ಬಂದದ್ದು ಅಲ್ಲಿಂದ ಸ್ವಲ್ಪ ಕೆಳಗೆ. ಎರಡು ಆಳೆತ್ತರದ ಬಂಡೆಯ ಗೋಡೆ, ಅದರ ಮೇಲೆ ನೀರು. ನಾವು ಪಕ್ಕದಿಂದ ಹತ್ತಿ ಬಂದಿದ್ದೆವು, ಸ್ಟ್ರೆಚರ್ ಆ ಪಕ್ಕದಲ್ಲಿ ಹೋಗುವಂತಿರಲಿಲ್ಲ. ಒಂದು ಗಟ್ಟಿ ಮರ ಇತ್ತು. ಆದರೆ ಇಲ್ಲಿ ಮಣ್ಣಿನ ಪದರ ತೆಳು, ಬೇರು ಎಷ್ಟು ಆಳಕ್ಕೆ ಹೋಗಿದೆ ಅಂತ ಮರ ನೋಡಿದರೆ ಗೊತ್ತಾಗುವುದಿಲ್ಲ. ಮರಕ್ಕೊಂದು, ಬಂಡೆಗೆ ಸುತ್ತಿ ಒಂದು, ಕಲ್ಲಿಗೆ ಬೋಲ್ಟ್ ಹೊಡೆದು ಒಂದು ಅಂತ ಆಧಾರಗಳನ್ನು ಮಾಡಿ ಭಾರ ಹಂಚಿದೆವು. ಒಂದು ಮುಖ್ಯ ಹಗ್ಗ, ಅದು ಕೈಕೊಟ್ಟರೆ ಹಿಡಿಯಲು ಇನ್ನೊಂದು. ಹಗ್ಗ ಕಲ್ಲಂಚಿಗೆ ತಿಕ್ಕುವ ಕಡೆ ಹಳೆಯ ಫೈರ್ ಪೈಪಿನ ತುಂಡು ಹಾಕಿದೆವು. ಎಲ್ಲ ಗಂಟನ್ನೂ ಇನ್ನೊಬ್ಬರು ಮುಟ್ಟಿ ನೋಡಿದರು. ಇದಕ್ಕೆ ಒಂದು ತಾಸಿಗೂ ಜಾಸ್ತಿ ಹಿಡಿಯಿತು. ಹುಡುಗನ ಗೆಳೆಯರು ಚಡಪಡಿಸುತ್ತಿದ್ದರು. "ಲಗೂನ ಇಳಿಸ್ರೀ ಅಣ್ಣಾ, ಇಷ್ಟ ಎತ್ತರ ಐತಿ, ನಾವ ಹಿಡ್ಕೊಂಡ ಇಳಿಸ್ತೀವಿ." ಅವರ ಕೈಗೆ ಬ್ಯಾಗು ಕೊಟ್ಟು, ಇಂಥಿಂಥವನು ಇದನ್ನು ಹೊರಬೇಕು ಅಂತ ಹಂಚಿದೆವು. ಕೆಲಸ ಸಿಕ್ಕ ಕೂಡಲೇ ಮಾತು ನಿಂತಿತು. ಇಳಿಸಲು ಹಿಡಿದದ್ದು ಕೆಲವೇ ನಿಮಿಷ. ಒಬ್ಬ ಸ್ಟ್ರೆಚರ್ ಜೊತೆಗೇ ನೇತಾಡುತ್ತ ಅದನ್ನು ಕಲ್ಲಿಗೆ ಬಡಿಯದಂತೆ ಕಾಲಿನಿಂದ ದೂಡಿಕೊಂಡು ಇಳಿದ. ಅಲ್ಲಿಗೆ ಹಗ್ಗ ಚೀಲ ಸೇರಿತು.

ಉಳಿದ ರಾತ್ರಿಯೆಲ್ಲ ಹೆಗಲು. ತಲೆ ಹತ್ತಿರ ಮಾತಾಡುವ ಕೆಲಸ ನನಗೇ ಬಂತು, ಬೇರೆ ಯಾರಿಗೆ ಕನ್ನಡ ಬರುತ್ತೆ? ಮೊದಲು ಕಾಲು, ನೋವು, ಎಷ್ಟು ದೂರ ಅಂತಲೇ ಕೇಳುತ್ತಿದ್ದ. ಇಂಡಿ ಅಂದರೆ ಲಿಂಬೆಹಣ್ಣು, ನಿಮ್ಮದು ತೋಟ ಐತೇನು ಅಂತ ಕೇಳಿದೆ. ಐತಿ ಅಂದ. ಗಿಡಕ್ಕೆ ನೀರು, ರೇಟು, ದಲಾಲಿ, ಅಪ್ಪ ಹೇಗೆ ಬೋರ್ ಹೊಡೆಸಿ ಸಾಲ ಮಾಡಿದ ಅಂತ ಒಂದೊಂದೇ ಹೇಳಿದ. ಬೇಸಿಗೆಯಲ್ಲಿ ಲಿಂಬೆಗೆ ರೇಟು ಏರಿದಾಗ ಗಿಡದಲ್ಲಿ ಹಣ್ಣೇ ಇರಂಗಿಲ್ಲ ಅಂತ ನಕ್ಕ. ನಡುನಡುವೆ ನಾನು, "ಈಗ ಓರೆ ಆಕ್ಕೈತಿ, ಹೆದರಬ್ಯಾಡ" ಅನ್ನುತ್ತಿದ್ದೆ. ಹೊರುತ್ತಿದ್ದ ರಿಕ್ಷಾದವನು ಮರಾಠಿಯಲ್ಲಿ "ಇಷ್ಟು ಹೊತ್ತು ಏನು ಮಾತಾಡ್ತಾ ಇದ್ದೀರಿ?" ಅಂದ. ಲಿಂಬೆ ಅಂದೆ. ಅವನಿಗೆ ನಂಬಿಕೆ ಬರಲಿಲ್ಲ.

ಕೆಳಗೆ 108 ಆಂಬುಲೆನ್ಸ್ ನಿಂತಿತ್ತು. ಶೆಟ್ರ ಇಡ್ಲಿ ಪೊಟ್ಟಣಗಳೂ ಬಂದಿದ್ದವು. ನಾಲ್ವರು ಗೆಳೆಯರು ನಿಂತಲ್ಲೇ ತಿಂದರು. ಒಬ್ಬ ಮೆಲ್ಲಗೆ, "ಪೊಲೀಸ್ ಕೇಸ್ ಆಗ್ತೈತೇನ್ರೀ?" ಅಂದ. ಪೊಲೀಸರು ಹೇಳಿಕೆ ಬರೆದುಕೊಳ್ಳುತ್ತಾರೆ, ಇದ್ದದ್ದು ಇದ್ದ ಹಾಗೆ ಹೇಳು ಅಂದೆ. ಅಲ್ಲಿಂದ ಒಂದು ಖಾಸಗಿ ಆಸ್ಪತ್ರೆ. ಕೌಂಟರಿನಲ್ಲಿ ಮೊದಲು ಕೇಳಿದ್ದು ಡಿಪಾಸಿಟ್. ಹುಡುಗರ ಹತ್ತಿರ ನಗದು ಇಲ್ಲ, ಫೋನುಗಳೂ ಅಷ್ಟರಲ್ಲಿ ಸತ್ತಿದ್ದವು. ಬೆಟ್ಟದಿಂದ ಹೊತ್ತು ತಂದ ಜನ ಕೆಸರು ಮೆತ್ತಿಕೊಂಡು ಕೌಂಟರ್ ಮುಂದೆ ಚಾರ್ಜರ್ ಹುಡುಕುತ್ತ ನಿಂತಿದ್ದೆವು. ಕೊನೆಗೆ ಶೆಟ್ರೇ ಫೋನಿನಲ್ಲಿ ದುಡ್ಡು ಹಾಕಿದರು. ಹುಡುಗರು ಅದನ್ನು ಆಮೇಲೆ ತಿಂಗಳ ಕಂತಿನಲ್ಲಿ ತೀರಿಸಿದರು. ಅವನ ಅವ್ವನಿಗೆ ಫೋನ್ ಹಚ್ಚಿದ್ದು ಬೆಳಗಿನ ಜಾವ.

ಎಲ್ಲ ಕರೆಗಳೂ ಹೀಗೆ ಮುಗಿಯುವುದಿಲ್ಲ. ಶವ ತರುವ ಕೆಲಸವೂ ನಮ್ಮದೇ, ಅದರ ಬಗ್ಗೆ ಜಾಸ್ತಿ ಬರೆಯಲು ಮನಸ್ಸಿಲ್ಲ. ಪೊಲೀಸರು ಹೇಳುವವರೆಗೆ ಮುಟ್ಟುವಂತಿಲ್ಲ, ಪಂಚನಾಮೆ ಆಗಬೇಕು, ಆಮೇಲೆ ಅದೇ ಆರು ಜನ, ಅದೇ ಹೆಗಲು. ತಲೆ ಹತ್ತಿರ ಮಾತಾಡುವವನು ಮಾತ್ರ ಇರುವುದಿಲ್ಲ. ಕೆಳಗೆ ಮನೆಯವರು ನಿಂತಿರುತ್ತಾರೆ. ಅವರ ಜೊತೆ ದಾದಾ ಒಬ್ಬನೇ ಮಾತಾಡುತ್ತಾನೆ.

2024ರ ಜೂನ್ 30ರಂದು ಲೋಣಾವಳದ ಭುಶಿ ಡ್ಯಾಂ ಹಿಂದಿನ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದ ವಿಡಿಯೋ ಎಲ್ಲರೂ ನೋಡಿದರು. ಅದಾದ ಮೇಲೆ ಜಿಲ್ಲಾಡಳಿತ ನಿರ್ಬಂಧ ಹಾಕಿತು. ಈಗ ಮಳೆಗಾಲದಲ್ಲಿ ಆಗಾಗ ಹಾಕುತ್ತದೆ. ನನಗೆ ಈ ನಿಷೇಧದಲ್ಲಿ ಅಷ್ಟು ನಂಬಿಕೆ ಇಲ್ಲ. ಮುಖ್ಯ ದಾರಿಯಲ್ಲಿ ಪೊಲೀಸರು ನಿಂತರೆ ಜನ ಅಡ್ಡದಾರಿ ಹಿಡಿಯುತ್ತಾರೆ, ಅಡ್ಡದಾರಿಯಲ್ಲೇ ಅಪಾಯ ಜಾಸ್ತಿ. ಅದರ ಬದಲು ಪ್ರತಿ ಕೋಟೆಯ ಬುಡದ ಊರಿನಲ್ಲಿ ನಾಲ್ಕು ಹುಡುಗರಿಗೆ ಗೈಡ್ ಕೆಲಸ ಕೊಟ್ಟು, ಹೋಗುವವರ ಹೆಸರು ಬರೆದುಕೊಂಡರೆ ಹೆಚ್ಚು ಉಪಯೋಗ ಅಂತ ನನ್ನ ಅಭಿಪ್ರಾಯ. ಯಾರು ಮೇಲೆ ಹೋದರು, ಯಾರು ಇಳಿದಿಲ್ಲ ಅನ್ನುವುದು ಕತ್ತಲಾಗುವ ಮೊದಲೇ ಗೊತ್ತಾದರೆ ನಮಗೆ ಅರ್ಧ ಕೆಲಸ ಉಳಿಯುತ್ತದೆ. ದಾದಾ ಇದಕ್ಕೆ ಒಪ್ಪುವುದಿಲ್ಲ. ಕೆಲವು ಜಲಪಾತಗಳನ್ನು ಮಳೆಗಾಲ ಮುಗಿಯುವವರೆಗೆ ಪೂರ್ತಿ ಮುಚ್ಚಬೇಕು ಅನ್ನುತ್ತಾನೆ. ನೀರಿನ ವಿಷಯದಲ್ಲಿ ಅವನ ಮಾತು ಸರಿ ಇರಬಹುದು.

ಆಸ್ಪತ್ರೆಯಿಂದ ಬಂದ ಮೇಲೂ ಕೆಲಸ ಇರುತ್ತದೆ, ಅದನ್ನು ಯಾರೂ ನೋಡುವುದಿಲ್ಲ. ಸ್ಟ್ರೆಚರ್ ತೊಳೆಯಬೇಕು, ಬೆಲ್ಟುಗಳ ಕೆಸರು ಬ್ರಷ್‌ನಿಂದ ಉಜ್ಜಬೇಕು, ಹಗ್ಗ ಸಿಕ್ಕಿಸುವ ಲೋಹದ ಕೊಂಡಿಗಳಾದ ಕ್ಯಾರಬಿನರ್‌ಗಳ ಬಾಯಿ ಸರಿಯಾಗಿ ಮುಚ್ಚುತ್ತದೆಯೇ ನೋಡಬೇಕು, ಬ್ಯಾಟರಿಗಳನ್ನು ಚಾರ್ಜಿಗೆ ಹಾಕಬೇಕು. ಹಗ್ಗವನ್ನು ಬರೀ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು, ಬಿಸಿಲು ನೈಲಾನಿಗೆ ಒಳ್ಳೆಯದಲ್ಲ. ಆಮೇಲೆ ಇಡೀ ಹಗ್ಗವನ್ನು ಗೇಣು ಗೇಣು ಬೆರಳಿನಲ್ಲಿ ತಡವುತ್ತ ಹೋಗಬೇಕು. ಎಲ್ಲಾದರೂ ಮೆತ್ತಗಿದ್ದರೆ, ಉಬ್ಬಿದ್ದರೆ, ಹೊರಗಿನ ನೇಯ್ಗೆ ಹರಿದಿದ್ದರೆ ಆ ಹಗ್ಗಕ್ಕೆ ಅಲ್ಲಿಗೆ ನಿವೃತ್ತಿ. ಪ್ರತಿ ಹಗ್ಗಕ್ಕೂ ಒಂದು ಪುಸ್ತಕ ಇದೆ. ಯಾವಾಗ ಕೊಂಡದ್ದು, ಎಲ್ಲೆಲ್ಲಿ ಬಳಸಿದ್ದು, ಯಾರು ನೋಡಿದ್ದು, ಎಲ್ಲ ಅದರಲ್ಲಿ.

ವಿಸಾಪುರದ ಮುಖ್ಯ ಹಗ್ಗದಲ್ಲಿ ಅಂಚಿಗೆ ತಿಕ್ಕಿದ ಕಡೆ ಒಂದು ಮೆತ್ತನೆಯ ಜಾಗ ಸಿಕ್ಕಿತು. ಪೈಪಿನ ತುಂಡು ಹಾಕಿದ್ದರೂ ಅಷ್ಟಾಗಿತ್ತು. ದಾದಾ ಎರಡು ಸಲ ತಡವಿ, ಮಾತಾಡದೆ ಕತ್ತರಿ ತಂದ. ಹಾಳಾದ ಹಗ್ಗವನ್ನು ಹಾಗೇ ಇಟ್ಟರೆ ಯಾರಾದರೂ ಅವಸರದಲ್ಲಿ ಚೀಲಕ್ಕೆ ಹಾಕಿಕೊಂಡು ಬಿಡುತ್ತಾರೆ. ಹಾಗಾಗಿ ತುಂಡು ತುಂಡು ಮಾಡಿಯೇ ಬಿಡುವುದು. ಹೊಸದಕ್ಕೆ ದುಡ್ಡು ಕೂಡಿಸಬೇಕು. ಗಣೇಶ ಹಬ್ಬದ ಮಂಡಳಿಯೊಂದು ಸ್ವಲ್ಪ ಕೊಡುತ್ತೇನೆ ಅಂದಿದೆ, ಶೆಟ್ರು ಸ್ವಲ್ಪ, ಉಳಿದದ್ದು ನಮ್ಮ ಜೇಬಿನಿಂದ. ಕತ್ತರಿಸಿದ ಒಂದು ತುಂಡನ್ನು ಮನೆಗೆ ತಂದೆ. ಹೆಂಡತಿ ಅದನ್ನು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಲು ಕಟ್ಟಿಕೊಂಡಿದ್ದಾಳೆ. ಗಂಟು ನಾನು ಹಾಕುತ್ತೇನೆ ಅಂದರೆ ಬೇಡ ಅಂದಳು.